ಕೈ ಮುರಿದರೆ ಕೂಡುತ್ತದೆ, ಮಂಡಿ ಸವೆದರೆ?

ಕೈಮೂಳೆ ಮುರಿದರೆ ಸರಿಯಾಗಿ ಕೂರಿಸಿ ಪ್ಲಾಸ್ಟರ್ ಹಾಕುತ್ತಾರೆ. ಒಂದೂವರೆ ಎರಡು ತಿಂಗಳಲ್ಲಿ ಅದು ಕೂಡಿಕೊಳ್ಳುತ್ತದೆ. ಆದರೆ ‘ಮಂಡಿ ಸವೆದಿದೆ’ ಎಂದು ಡಾಕ್ಟರು ಹೇಳಿದರೆ, ಆ ಸವೆತ ಮತ್ತೆ ತುಂಬಿಕೊಳ್ಳುವುದಿಲ್ಲ. ಎರಡೂ ಒಂದೇ ಅಸ್ಥಿಪಂಜರದ ಭಾಗ ಅಲ್ವಾ, ಯಾಕೆ ಈ ಭೇದ?

ಮೊದಲು ಸವೆಯುವುದು ಮೂಳೆಯಲ್ಲ, ಮೂಳೆಯ ತುದಿಗೆ ಅಂಟಿಕೊಂಡ ನುಣುಪಾದ ಬಿಳಿ ಹೊದಿಕೆ. ಅದೇ ಮೃದ್ವಸ್ಥಿ, ಡಾಕ್ಟರ ಬಾಯಲ್ಲಿ ಕಾರ್ಟಿಲೇಜ್. ಮಂಡಿಯಲ್ಲಿ ಅದರ ದಪ್ಪ ಹೆಚ್ಚುಕಮ್ಮಿ 2ರಿಂದ 4 ಮಿಲಿಮೀಟರ್, ಅಷ್ಟೇ. ಮಡಚಿ ಬಿಟ್ಟರೆ ಪಟ್ಟನೆ ನೆಟ್ಟಗಾಗುವ ಕಿವಿಯೊಳಗೂ ಇದರ ಬಳಗದ್ದೇ ಇದೆ. ಅದರಲ್ಲಿ ರಬ್ಬರಿನಂಥ ಎಳೆಗಳು ಜಾಸ್ತಿ.

ಮಂಡಿಯ ಈ ಹೊದಿಕೆಯ ತೂಕದಲ್ಲಿ ಶೇ. 65ರಿಂದ 80ರಷ್ಟು ಬರೀ ನೀರು! ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಬಲೆಯ ಹಾಗೆ ಹೆಣೆದುಕೊಂಡಿರುತ್ತವೆ. ಬಲೆಯೊಳಗೆ ಬಾಟಲಿ ತೊಳೆಯುವ ಬ್ರಶ್ಶಿನ ಆಕಾರದ ಅಣುಗಳಿವೆ. ಇವಕ್ಕೆ ವಿಪರೀತ ನೀರಿನ ದಾಹ. ನೀರು ಹೀರಿ ಉಬ್ಬಲು ನೋಡುತ್ತವೆ, ಬಲೆ ಬಿಡುವುದಿಲ್ಲ. ಗಾಳಿ ತುಂಬಿದ ಟೈರಿನಂತೆ ಒಳಗೆಲ್ಲ ಬಿಗಿ. ಮೆಟ್ಟಿಲು ಇಳಿಯುವಾಗ ಮೈತೂಕದ ಸುಮಾರು ಮೂರು ಪಟ್ಟು ಭಾರ ಮಂಡಿಯ ಮೇಲೆ ಬೀಳುತ್ತದೆ. ಅದನ್ನು ತಡೆಯುವುದು ಈ ಬಿಗಿಯೇ.

ಆದರೆ ಇಲ್ಲಿ ರಕ್ತನಾಳವೇ ಇಲ್ಲ. ನರವೂ ಇಲ್ಲ, ಹಾಗಾಗಿ ಶುರುವಿನ ಸವೆತ ನೋಯುವುದೂ ಇಲ್ಲ. ಇರುವ ಕೆಲವೇ ಜೀವಕೋಶಗಳು ಪುಟ್ಟ ಪುಟ್ಟ ಗುಳಿಗಳಲ್ಲಿ ಒಂಟಿಯಾಗಿ ಕೂತಿರುತ್ತವೆ. ಇವಕ್ಕೆ ಊಟ ಸಿಗುವುದು ಕೀಲಿನೊಳಗಿನ ಅಂಟುದ್ರವದಿಂದ. ಹೆಜ್ಜೆ ಊರಿದಾಗ ಹೊದಿಕೆಯಿಂದ ನೀರು ಹಿಂಡಿ ಹೊರಬರುತ್ತದೆ, ಎತ್ತಿದಾಗ ಸ್ಪಂಜಿನಂತೆ ಮತ್ತೆ ಹೀರಿಕೊಳ್ಳುತ್ತದೆ. ನಡೆದರೆ ಮಂಡಿ ಸವೆಯುತ್ತದೆ ಎಂದು ಸುಮ್ನೆ ಕೂತೇ ಇರುವವರು ಆ ಕೋಶಗಳನ್ನು ಉಪವಾಸ ಕೆಡವುತ್ತಿದ್ದಾರೆ ಅನಿಸುತ್ತದೆ ನನಗೆ.

ಮೂಳೆಯ ಕತೆಯೇ ಬೇರೆ. ಅದರ ತುಂಬ ರಕ್ತನಾಳಗಳು. ಹಳೆಯದನ್ನು ಕರಗಿಸುವ ಕೋಶಗಳು, ಹೊಸದನ್ನು ಕಟ್ಟುವ ಕೋಶಗಳು ಸದಾ ಕೆಲಸದಲ್ಲಿರುತ್ತವೆ. ದೊಡ್ಡವರಲ್ಲೂ ವರ್ಷಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮೂಳೆ ಹೊಸದಾಗುತ್ತದೆ. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ ರಿಪೇರಿಯ ಕೋಶಗಳು ಅಲ್ಲಿಗೆ ಬಂದು ಸೇರುತ್ತವೆ. ಅವು ಬಿರುಕಿನಲ್ಲಿ ಮೊದಲು ಕಟ್ಟುವುದು ಏನನ್ನು ಗೊತ್ತಾ? ಬಹುಪಾಲು ಮೃದ್ವಸ್ಥಿಯನ್ನೇ! ಆಮೇಲೆ ಅದು ಮೂಳೆಯಾಗುತ್ತದೆ. ಗರ್ಭದಲ್ಲಿ ಕೈಕಾಲಿನ ಮೂಳೆಗಳು ಮೂಡುವುದೂ ಹೀಗೇ, ಮೊದಲು ಮೃದ್ವಸ್ಥಿಯ ಅಚ್ಚು. ಮೂಳೆಯನ್ನು ಕೂಡಿಸಲು ನೆರವಾಗುವ ಈ ಅಂಗಾಂಶಕ್ಕೆ ತನ್ನ ಗಾಯ ಮಾತ್ರ ವಾಸಿಮಾಡಿಕೊಳ್ಳಲು ಬರುವುದಿಲ್ಲ. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಇದನ್ನು ಬರೆದಿಟ್ಟಿದ್ದ.

1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಜಾಸ್ತಿಯಾಗಿತ್ತು. ಅದು ಊಟದ ಮೂಲಕ ಎಲ್ಲರ ಮೈಯನ್ನೂ ಸೇರಿತು. ಅದೇ ಗುರುತು ಹಿಡಿದು ಡೆನ್ಮಾರ್ಕಿನ ಸಂಶೋಧಕರು ಮಂಡಿಯ ಕೊಲಾಜೆನ್ ಯಾವ ಕಾಲದ್ದೆಂದು ಲೆಕ್ಕ ಹಾಕಿದರು. 2016ರಲ್ಲಿ ಉತ್ತರ ಬಂತು: ಬೆಳವಣಿಗೆ ನಿಂತ ಮೇಲೆ ಅದು ಹೊಸದಾಗುವುದೇ ಇಲ್ಲವೆನ್ನಬಹುದು. ಅರವತ್ತು ದಾಟಿದವರೂ ಓಡಾಡುತ್ತಿರುವುದು ಹದಿಹರೆಯದೊಳಗೆ ಹೆಣೆದ ಬಲೆಯ ಮೇಲೇ.