ಬಟನ್ ಚಾಕು ಎಂದರೆ ಯಾವುದು? ರಾಂಪುರಿಯೂ ಅದೇನಾ?

ಓದುಗರ ಪ್ರಶ್ನೆ: ಅಪರಾಧ ಸುದ್ದಿಗಳಲ್ಲಿ ‘ಬಟನ್ ಚಾಕು’ ಎಂದು ಓದುತ್ತೇವೆ. ಮಡಚುವ ಚಾಕುಗಳಿಗೆಲ್ಲ ಹಾಗೆ ಹೇಳಬಹುದೇ? ರಾಂಪುರಿ ಎಂದರೂ ಅದೇನಾ?

ಎರಡಕ್ಕೂ ಉತ್ತರ ಅಲ್ಲ ಎಂದೇ. ಅಲಗನ್ನು ಬೆರಳಿನಿಂದ ಎಳೆದು ಬಿಡಿಸಬೇಕಾದರೆ ಅದು ಬರೀ ಮಡಚುವ ಚಾಕು. ಹಿಡಿಯ ಮೇಲಿನ ಗುಂಡಿ ಒತ್ತಿದ ಕೂಡಲೇ ಸ್ಪ್ರಿಂಗೇ ಅಲಗನ್ನು ಹೊರಕ್ಕೆ ಚಿಮ್ಮಿಸಿದರೆ ಮಾತ್ರ ಬಟನ್ ಚಾಕು.

ಸ್ಪ್ರಿಂಗ್ ಇದೆ ಎಂಬ ಒಂದೇ ಕಾರಣಕ್ಕೆ ಆ ಹೆಸರು ಕೊಡುವುದು ತಪ್ಪು. ಹಣ್ಣು ಕೊಯ್ಯುವ ಸಾದಾ ಜೇಬು ಚಾಕುವಿನಲ್ಲೂ ಹಿಡಿಯ ಬೆನ್ನಿಗೆ ಉಕ್ಕಿನ ಪಟ್ಟಿಯೊಂದು ಸ್ಪ್ರಿಂಗ್‌ನಂತೆ ಕೆಲಸ ಮಾಡುತ್ತದೆ. ಅಲಗಿನ ಬುಡವನ್ನು ಒತ್ತಿ ಹಿಡಿದು, ತಾನಾಗಿ ಅಲುಗಾಡದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಬಟನ್ ಚಾಕುವಿನಲ್ಲಿ ಅಲಗು ಮಡಚಿದಾಗ ಸ್ಪ್ರಿಂಗ್ ಬಿಗಿದುಕೊಳ್ಳುತ್ತದೆ. ಗುಂಡಿಗೆ ಸೇರಿದ ಪಿನ್ನು ಅಲಗಿನ ಬುಡದ ಕಚ್ಚಿನಲ್ಲಿ ಕೂತು ಅದನ್ನು ತಡೆದಿರುತ್ತದೆ. ಒತ್ತಿದರೆ ಪಿನ್ನು ಜಾರುತ್ತದೆ, ಅಲಗು ಹಾರುತ್ತದೆ, ಪೂರ್ತಿ ತೆರೆದ ಮೇಲೆ ಮತ್ತೆ ಲಾಕ್ ಬೀಳುತ್ತದೆ. ಕೀಲಿನಲ್ಲಿ ಕೊಳೆ ಕೂತರೆ ಅಥವಾ ಸ್ಪ್ರಿಂಗ್ ಸಡಿಲವಾದರೆ ಅಲಗು ಕೊನೆ ಮುಟ್ಟುವುದಿಲ್ಲ. ನೋಡಲು ತೆರೆದಂತೆ ಕಂಡರೂ ಲಾಕ್ ಬಿದ್ದಿರುವುದಿಲ್ಲ. ಒತ್ತಡ ಬಿದ್ದರೆ ಬೆರಳಿನ ಮೇಲೇ ಮಡಚಿಕೊಳ್ಳುತ್ತದೆ. ಗುಂಡಿಗೆ ಅಡ್ಡ ಕೊಂಡಿ ಇಲ್ಲದಿದ್ದರೆ ಜೇಬಿನಲ್ಲೇ ತೆರೆದುಕೊಳ್ಳುವುದೂ ಉಂಟು. ಅಲಗು ಪಕ್ಕಕ್ಕೆ ತಿರುಗದೆ ಹಿಡಿಯ ತುದಿಯಿಂದ ನೇರ ಮುಂದಕ್ಕೆ ಬರುವ ಬಗೆಯೂ ಬಟನ್ ಚಾಕುವೇ.

ರಾಂಪುರಿ ಎಂಬುದು ಊರಿನಿಂದ ಬಂದ ಹೆಸರು. ಉತ್ತರ ಪ್ರದೇಶದ ರಾಂಪುರ ಚಾಕು ತಯಾರಿಕೆಗೆ ಎಷ್ಟು ಹೆಸರುವಾಸಿ ಎಂದರೆ 2023ರಲ್ಲಿ ಅಲ್ಲಿನ ಒಂದು ವೃತ್ತದಲ್ಲಿ ಸುಮಾರು 20 ಅಡಿಯ ಚಾಕುವನ್ನೇ ನಿಲ್ಲಿಸಿದರು. ಅಲ್ಲಿಯ ಚಾಕುಗಳಲ್ಲಿ ಗುಂಡಿಯವೂ ಇವೆ, ಕೈಯಲ್ಲೇ ಬಿಡಿಸುವವೂ ಇವೆ. ಬಿಡಿಸುವಾಗ ಕೀಲಿನ ಲೋಹದ ಹಲ್ಲುಗಳ ಮೇಲೆ ಕಟಕಟ ಸದ್ದು ಮಾಡುವಂಥದ್ದನ್ನು ಹಿಂದಿಯಲ್ಲಿ ಗರಾರೀದಾರ್ ಎನ್ನುತ್ತಾರೆ. ಹಾಗಾಗಿ ಸುದ್ದಿ ಬರೆಯುವವರು ವಶಪಡಿಸಿಕೊಂಡ ಚಾಕು ಹೇಗೆ ತೆರೆಯುತ್ತದೆಂದು ಕೇಳಿಯೇ ಹೆಸರು ಹಾಕಬೇಕು. ಮಡಚಲು ಬಾರದ್ದಾದರೆ ಚೂರಿ ಎಂದರೆ ಸಾಕು.

ಕಾನೂನಿನ ದೃಷ್ಟಿಯಿಂದಲೂ ಇದು ಮುಖ್ಯ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಆಯುಧಗಳ ಪ್ರಸ್ತಾಪವಿದೆ. ಮನೆ, ಕೃಷಿ, ಕೈಗಾರಿಕೆಯ ಬಳಕೆಯವು ಅದರಿಂದ ಹೊರಗೆ. ದೆಹಲಿಯ 1980ರ ಅಧಿಸೂಚನೆ ಬಟನ್ ಮತ್ತು ಗರಾರಿ ಚಾಕುಗಳನ್ನು ಹೆಸರಿಸಿಯೇ ಹೇಳಿ, ಅಲಗಿನ ಉದ್ದದ ಅಳತೆಯನ್ನು 7.62 ಸೆಂ.ಮೀ.ಗೆ (3 ಇಂಚು) ಇಳಿಸಿದೆ.