ಹೆಚ್ಚು ಕಾಲ ಬದುಕಿದ್ದೆಲ್ಲ ಹೆಚ್ಚು ಸಮರ್ಥವೇ? ಜೀವಿಗಳ ಬದುಕಿನಲ್ಲಿ ಆಕಸ್ಮಿಕದ ಪಾಲು

ಒಂದು ಹಕ್ಕಿ ಹತ್ತು ವರ್ಷ ಬಾಳಿ ಹತ್ತಾರು ಮರಿ ಮಾಡಿತು. ಅದರ ಜೊತೆಗೆ ಹುಟ್ಟಿದ್ದು ಮೊದಲ ವರ್ಷವೇ ಸತ್ತಿತು. ಬದುಕಿದ್ದು ಗಟ್ಟಿ ಎಂದು ತೀರ್ಮಾನಿಸುವ ಮೊದಲು ಒಂದು ಲೆಕ್ಕ ಮಾಡಿ ನೋಡಿ. ಯಾವ ವ್ಯತ್ಯಾಸವೂ ಇಲ್ಲದ 1000 ಹಕ್ಕಿಗಳಿವೆ, ಪ್ರತಿ ವರ್ಷ ಪ್ರತಿಯೊಂದೂ ಉಳಿಯುವ ಸಂಭವನೀಯತೆ 0.5 ಎಂದುಕೊಳ್ಳಿ. ಒಂದು ವರ್ಷಕ್ಕೆ ಸುಮಾರು 500 ಉಳಿಯುತ್ತವೆ, ಎರಡಕ್ಕೆ 250, ಐದಕ್ಕೆ 31. ಹತ್ತು ವರ್ಷ ದಾಟುವುದು ಸರಾಸರಿ ಒಂದೇ ಒಂದು. ಆ ಒಂದರಲ್ಲಿ ಯಾವ ವಿಶೇಷ ಗುಣವೂ ಇಲ್ಲ. ನನಗೆ ಈ ಇಡೀ ವಿಷಯದ ತಿರುಳು ಇದೇ ಅನ್ನಿಸುತ್ತದೆ: ಫಲಿತಾಂಶಗಳ ಅಂತರ ಎಷ್ಟೇ ದೊಡ್ಡದಿದ್ದರೂ ಅದರಿಂದಲೇ ಗುಣದ ಅಂತರ ಸಾಬೀತಾಗುವುದಿಲ್ಲ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಸೀನೊರ‍್ಯಾಬ್ಡೈಟಿಸ್ ಎಲೆಗನ್ಸ್ ಎಂಬ ಸಣ್ಣ ದುಂಡುಹುಳುವನ್ನು ಪ್ರಯೋಗಾಲಯದಲ್ಲಿ ಒಂದೇ ತಳಿಗುಣ, ಒಂದೇ ಆಹಾರ, ಒಂದೇ ಉಷ್ಣತೆಯಲ್ಲಿ ಬೆಳೆಸಿದರೂ ಕೆಲವು ಬೇಗ ಸಾಯುತ್ತವೆ, ಕೆಲವು ಬಹಳ ದಿನ ಬದುಕುತ್ತವೆ.

ಮರಗಳಲ್ಲಿ ಆಕಸ್ಮಿಕದ ಹೊಡೆತ ಬೀಳುವುದು ಹೆಚ್ಚಾಗಿ ಬದುಕಿನ ಆರಂಭದಲ್ಲೇ. ಕಾಡಿನಲ್ಲಿ ಒಂದು ಜಾತಿಯ ಸಂಖ್ಯೆ ಏರದೆ ಇಳಿಯದೆ ನಿಂತಿದ್ದರೆ, ಒಂದು ಮರ ಆಯುಷ್ಯಪೂರ್ತಿ ಉದುರಿಸಿದ ಲೆಕ್ಕವಿಲ್ಲದಷ್ಟು ಬೀಜಗಳಲ್ಲಿ ಸರಾಸರಿ ಒಂದೇ ದೊಡ್ಡ ಮರವಾಗುತ್ತದೆ. ಪಕ್ಕದ ಹಳೇ ಮರ ಉರುಳಿ ಬಿಸಿಲು ಬಿದ್ದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಇದ್ದ ಸಸಿಗೆ ಆ ಅವಕಾಶ.

ಹಾಗೆಂದು ನೈಸರ್ಗಿಕ ಆಯ್ಕೆ ಸುಳ್ಳಾಗುವುದಿಲ್ಲ. ಸಣ್ಣ ಅನುಕೂಲವೂ ಸಾವಿರಾರು ಜೀವಿಗಳಲ್ಲಿ, ಅನೇಕ ಪೀಳಿಗೆಗಳಲ್ಲಿ ಕೂಡಿಕೊಂಡು ಗೆಲ್ಲಬಹುದು. ಒಂದೊಂದೇ ಜೀವಿಯ ಕಥೆಯಲ್ಲಿ ಮಾತ್ರ ಅದು ಕಣ್ಣಿಗೆ ಬೀಳುವುದು ಕಷ್ಟ.

ಇನ್ನೊಂದು ಬಗೆಯ ಆಕಸ್ಮಿಕವಿದೆ, ಇದನ್ನು ಬೇರೆಯಾಗಿಯೇ ನೆನಪಿಡಬೇಕು: ಮಳೆ ಕೈಕೊಟ್ಟ ವರ್ಷದಂತೆ ಎಲ್ಲರಿಗೂ ಒಟ್ಟಿಗೆ ಬರುವಂಥದ್ದು. ಸಂಖ್ಯೆ ದೊಡ್ಡದಾದಷ್ಟೂ ಒಬ್ಬೊಬ್ಬರ ಅದೃಷ್ಟ ದುರದೃಷ್ಟಗಳು ಸರಿತೂಗುತ್ತವೆ. ಎಲ್ಲರಿಗೂ ಒಟ್ಟಿಗೆ ಬರುವ ಈ ಆಕಸ್ಮಿಕ ಹಾಗೆ ಸರಿತೂಗುವುದಿಲ್ಲ. ಮರುಭೂಮಿಯ ವಾರ್ಷಿಕ ಸಸ್ಯಗಳು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಕೆಲವು ಬೀಜಗಳನ್ನು ಮೊಳೆಯಗೊಡದೆ ಮಣ್ಣಲ್ಲೇ ಸುಪ್ತವಾಗಿ ಉಳಿಸುವುದು. 1966ರಲ್ಲಿ ಜೀವವಿಜ್ಞಾನಿ ಡಾನ್ ಕೋಹೆನ್ ಇದನ್ನು ಗಣಿತದಲ್ಲಿ ವಿವರಿಸಿದರು. ಸರಳ ಅಂಕಿಗಳಲ್ಲಿ ನೋಡೋಣ. ಒಳ್ಳೆಯ ವರ್ಷ ಮೊಳೆತ ಬೀಜವೊಂದು 4 ಬೀಜ ಕೊಡುತ್ತದೆ, ಕೆಟ್ಟ ವರ್ಷ ಸೊನ್ನೆ. ಸುಪ್ತ ಬೀಜ ಸಾಯುವುದಿಲ್ಲ. ಎಲ್ಲವೂ ಮೊಳೆತರೆ ಎರಡು ವರ್ಷದ ಗುಣಲಬ್ಧ 4 × 0 = 0, ವಂಶವೇ ಮುಗಿಯಿತು. ಅರ್ಧ ಮಾತ್ರ ಮೊಳೆತರೆ ಒಳ್ಳೆಯ ವರ್ಷ 2.5 ಪಟ್ಟು, ಕೆಟ್ಟ ವರ್ಷ 0.5 ಪಟ್ಟು, ಗುಣಲಬ್ಧ 1.25. ಸಾಧಾರಣ ಸರಾಸರಿ ತೆಗೆದರೆ ಮೊದಲನೆಯದೇ (2) ಎರಡನೆಯದಕ್ಕಿಂತ (1.5) ಮೇಲು ಎಂದು ಕಾಣುತ್ತದೆ, ಆದರೆ ವರ್ಷಗಳು ಒಂದಕ್ಕೊಂದು ಕೂಡುವುದಿಲ್ಲ, ಗುಣಿಸುತ್ತವೆ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಗುಣೋತ್ತರ ಸರಾಸರಿ, ಅಂದರೆ ಅಂಕಿಗಳನ್ನು ಕೂಡದೆ ಗುಣಿಸಿ ತೆಗೆಯುವ ಸರಾಸರಿ.