ಗ್ರೀಕ್ ಶಿಲ್ಪ ಬಿಳಿ ಅಂತ ಯಾರು ಹೇಳಿದ್ದು?

ಗ್ರೀಕ್ ಶಿಲ್ಪ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಬೆಳ್ಳಗಿನ ಅಮೃತಶಿಲೆ. ಸಿನಿಮಾದಲ್ಲೂ ಹಾಗೇ, ಮದುವೆ ಹಾಲ್‌ಗಳ ಮುಂದಿನ ಸಿಮೆಂಟ್ ಬೊಂಬೆಗಳಲ್ಲೂ ಹಾಗೇ. ಆ ಕಾಲದ ಶಿಲ್ಪಿ ಇದನ್ನು ನೋಡಿದ್ದರೆ ಕೆಲಸ ಅರ್ಧಕ್ಕೇ ಬಿಟ್ಟಿದ್ದಾರೆ ಅಂದುಕೊಳ್ಳುತ್ತಿದ್ದ. ನಿನ್ನ ಶಿಲ್ಪಗಳಲ್ಲಿ ನಿನಗೆ ಯಾವುದು ಇಷ್ಟ ಎಂದು ಗ್ರೀಕ್ ಶಿಲ್ಪಿ ಪ್ರಾಕ್ಸಿಟೆಲೀಸ್‌ನನ್ನು ಕೇಳಿದರೆ, ನಿಕಿಯಾಸ್ ಕೈಯಾಡಿಸಿದವು ಎಂದನಂತೆ. ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿರುವ ಕಥೆ ಇದು. ನಿಕಿಯಾಸ್ ಚಿತ್ರಕಾರ, ಬಣ್ಣ ಹಚ್ಚುವವನು!

ಹಾಗಾದರೆ ಬಣ್ಣ ಎಲ್ಲಿ ಹೋಯ್ತು? ಪುಡಿಯನ್ನು ಕಲ್ಲಿಗೆ ಹಿಡಿದಿಟ್ಟಿದ್ದ ಅಂಟು ಮಳೆ, ಬಿಸಿಲು, ಮಣ್ಣಿಗೆ ಸಿಕ್ಕಿ ಹಾಳಾಯಿತು, ಪುಡಿ ಉದುರಿತು. ಉಳಿದ ಚೂರುಪಾರನ್ನು ಮನುಷ್ಯರೇ ಉಜ್ಜಿ ತೆಗೆದರು. 18ನೇ ಶತಮಾನದಲ್ಲಿ ವಿಂಕೆಲ್‌ಮನ್ ಎಂಬ ಜರ್ಮನ್ ವಿದ್ವಾಂಸ ದೇಹ ಬಿಳಿಯಾದಷ್ಟೂ ಚೆಂದ ಎಂದು ಬರೆದ, ಆ ರುಚಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ 1930ರ ದಶಕದಲ್ಲೂ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಶಿಲ್ಪಗಳನ್ನು ತಾಮ್ರದ ಉಳಿಯಿಂದ ಕೆರೆದು ಬೆಳ್ಳಗೆ ಮಾಡಿದರು. ಸಿಟ್ಟು ಬರಲ್ವಾ? ತಮಾಷೆ ಎಂದರೆ ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಮೇಲೆ ಒಡೆದು ಹಾಕಿದ ಮೂರ್ತಿಗಳಲ್ಲೇ ಬಣ್ಣ ಜಾಸ್ತಿ ಉಳಿದಿದೆ. ಅಥೆನ್ಸಿನವರು ಅವನ್ನು ಅಲ್ಲೇ ಹೂತರು, ಮಳೆ ತಾಕಲಿಲ್ಲ.

ಈಗ ನನಗೆ ಬಹಳ ಇಷ್ಟವಾದ ಭಾಗ. ಆಗಿನವರು ಬಳಸುತ್ತಿದ್ದ ಒಂದು ನೀಲಿಗೆ 'ಈಜಿಪ್ಟ್ ನೀಲಿ' ಎನ್ನುತ್ತಾರೆ. ಮರಳು, ಸುಣ್ಣ, ತಾಮ್ರ, ಸ್ವಲ್ಪ ಕ್ಷಾರ ಸೇರಿಸಿ 900 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿದರೆ ಸಿಗುವ ಹರಳು. ಇದರೊಳಗಿನ ತಾಮ್ರದ ಅಯಾನು ಕಣ್ಣಿಗೆ ಕಾಣುವ ಬೆಳಕನ್ನು, ಮುಖ್ಯವಾಗಿ ಕೆಂಪನ್ನು, ನುಂಗಿ ಸುಮಾರು 910 ನ್ಯಾನೊಮೀಟರಿನ ಅವಕೆಂಪು ಬೆಳಕನ್ನು ಉಗುಳುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ರಾತ್ರಿ ಕಾವು ಬಿಡುವ ಹಾಗೆ, ಆದರೆ ಇಲ್ಲಿ ಕಾಯುವ ಮಾತಿಲ್ಲ, ಕ್ಷಣದೊಳಗೆ ಮುಗಿಯುತ್ತದೆ. ನಮ್ಮ ಕಣ್ಣಿಗೆ ಇದು ಕಾಣಲ್ಲ. ಕ್ಯಾಮೆರಾದ ಸೆನ್ಸರ್‌ಗೆ ಕಾಣುತ್ತದೆ. ಅದರ ಮುಂದಿರುವ, ಅವಕೆಂಪನ್ನು ತಡೆಯುವ ಗಾಜು ತೆಗೆದು, ಬದಲಿಗೆ ಮಾಮೂಲಿ ಬೆಳಕನ್ನು ತಡೆಯುವ ಫಿಲ್ಟರ್ ಹಾಕಿದರೆ ಸಾಕು. ಶಿಲ್ಪ ಕಪ್ಪಾಗಿ ಕಾಣುತ್ತದೆ, ನೀಲಿ ಕಣಗಳು ಮಾತ್ರ ಬೆಳ್ಳಗೆ ಮಿನುಗುತ್ತವೆ. 2009ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲೇ ಜೊವಾನ್ನಿ ವೆರ್ರಿ ಎಂಬ ವಿಜ್ಞಾನಿ ಹೀಗೆ ಪಾರ್ಥೆನಾನ್ ಶಿಲ್ಪಗಳ ಮೇಲೆ ನೀಲಿ ಕಂಡುಹಿಡಿದರು. ಐರಿಸ್ ದೇವತೆಯ ಸೊಂಟಪಟ್ಟಿಯ ಮೇಲೂ ಅದು ಸಿಕ್ಕಿತು. ಕೆರೆದವರ ಉಳಿ ಎಲ್ಲಾ ಕಡೆ ತಲುಪಿರಲಿಲ್ಲ.

ಇಟಲಿಯಲ್ಲಿ ರೋಮನ್ನರಿಗೂ ಮುಂಚೆ ಇದ್ದ ಎಟ್ರುಸ್ಕರ ವಿಷಯದಲ್ಲಿ ಇಷ್ಟು ಪರದಾಟ ಇಲ್ಲ. ತಾರ್ಕ್ವೀನಿಯದ ಅವರ ಸಮಾಧಿಗಳಲ್ಲಿ ಸುಮಾರು 200ಕ್ಕೆ ಬಣ್ಣದ ಚಿತ್ರಗಳಿವೆ. ನೆಲದಡಿಯ ಕತ್ತಲೆಯೇ ಅವನ್ನು ಕಾಪಾಡಿತು. ಗಂಡಸರ ಮೈ ಕೆಂಗಂದು, ಹೆಂಗಸರದು ತಿಳಿ. ಸತ್ತವರನ್ನು ಕಾಯುವ ದೈವ ಖಾರುನ್‌ಗೆ ಎಷ್ಟೋ ಕಡೆ ನೀಲಿ ಚರ್ಮ, ಕೊಕ್ಕಿನಂಥ ಮೂಗು.

ಒಂದು ಎಚ್ಚರಿಕೆ. ಗ್ರೀಕ್ ಶಿಲ್ಪಗಳಿಗೆ ಬಣ್ಣ ಹಚ್ಚಿ ಈಗ ಮಾಡುವ ಮರುಸೃಷ್ಟಿಗಳನ್ನು ನೋಡಿ 'ಅಯ್ಯೋ, ಪ್ಲಾಸ್ಟಿಕ್ ಬೊಂಬೆ ಥರ ಇದೆ' ಅನ್ನುವವರಿದ್ದಾರೆ. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಯಾಕೆಂದರೆ ಉಳಿದಿರುವುದು ಹೆಚ್ಚಾಗಿ ತಳದ ಪದರ, ಅದರ ಮೇಲಿನ ನಯವಾದ ನೆರಳು-ಬೆಳಕು ಹೋಗಿದೆ. ಇನ್ನು ಆ ಕ್ಯಾಮೆರಾ ಹಿಡಿಯುವುದು ಈಜಿಪ್ಟ್ ನೀಲಿಯನ್ನು ಮಾತ್ರ. ಫೋಟೊದಲ್ಲಿ ಕಪ್ಪಗಿರುವ ಜಾಗದಲ್ಲಿ ಕೆಂಪು ಕಾವಿಯೋ ಅಝುರೈಟ್ ಎಂಬ ನೀಲಿ ಖನಿಜವೋ ಇದ್ದಿರಬಹುದು, ಅದನ್ನು ಹುಡುಕಲು ಎಕ್ಸ್-ರೇಯಂಥ ಬೇರೆ ಉಪಕರಣ ಬೇಕು.